ಬೂಷ್ಟಮ್ಮನ ಬಿಳಿ ಹುಡಿ

ಊರಿಗೆಲ್ಲ ಆಕೆ ಬೂಷ್ಟಮ್ಮ. ಅನ್ನಕ್ಕೆ ಬೂಷ್ಟು ಹಿಡಿದರೆ ಬೇರೆ ಹೆಂಗಸರು ಮೂಗು ಮುಚ್ಚಿ ಆಚೆ ಎಸೆದಾರು. ಈಕೆ ನುಚ್ಚು ಬೇಯಿಸಿ, ಸೀಸೆಗಳಿಗೆ ತುಂಬಿ, ಬೂಷ್ಟು ಬರಲೆಂದೇ ಕಣ್ಣಲ್ಲಿ ಕಣ್ಣಿಟ್ಟು ಕಾಯುವಳು. ಅದು ಅಂತಿಂಥ ಬೂಷ್ಟಲ್ಲ. ಕೋಸಿನ ಎಲೆಯಡಿ ಕೂತು ರಸ ಹೀರುವ ಹೇನಿನ ಮೈಗೆ ಅಂಟಿ, ಒಳಗೆ ಬೇರಿಳಿಸಿ, ಅದನ್ನು ಹತ್ತಿಯ ಚೂರಿನಂತೆ ಬೆಳ್ಳಗೆ ಮಾಡಿ ಕೊಲ್ಲುವಂಥದು.

ಮೊದಲು ಗಂಡ ಬೆಳೆಗೆ ಅಂಗಡಿಯ ವಿಷ ಹೊಡೆಯುತ್ತಿದ್ದ. ಬೆನ್ನಿಗೆ ಕ್ಯಾನು ಏರಿಸಿಕೊಂಡು ಬದನೆ ಸಾಲಿಗಿಳಿದವನು ಒಂದು ಮಧ್ಯಾಹ್ನ ಅಲ್ಲೇ ಕುಸಿದ. ಬಾಯಲ್ಲಿ ನೊರೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗನಿಗೆ ಆ ಗತಿ ಬರಬಾರದೆಂದೇ ಆಕೆ ಈ ಬೂಷ್ಟಿನ ಕೆಲಸ ಕಲಿತದ್ದು.

ಅದು ಕೈ ಹಿಡಿಯಿತು, ಎದೆಯನ್ನೂ ಹಿಡಿಯಿತು. ಬೂಷ್ಟು ಬಲಿತ ನುಚ್ಚನ್ನು ಒಣಗಿಸಿ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ನೀರಿಗೆ ಕಲಸಿ ಹೊಡೆಯುವಾಗ ಕ್ಯಾನಿನ ಮೂತಿ ಕಟ್ಟುತ್ತದೆ. ಜರಡಿ ಆಡಿಸಿದರೆ ಕೋಣೆಯೆಲ್ಲ ಹಿಟ್ಟಿನ ಗಿರಣಿ. ಮೂಗಿಗೆ ಎಷ್ಟು ಬಟ್ಟೆ ಸುತ್ತಿದರೂ ಹುಡಿ ನುಸುಳುತ್ತಿತ್ತು. ಡಾಕ್ಟರು ಹೇಳಿದರು: "ಇನ್ನೊಮ್ಮೆ ಆ ಕೋಣೆಗೆ ಹೋದ್ರೆ ಉಸಿರು ವಾಪಸ್ ಸಿಗಲ್ಲಮ್ಮ."

ಜರಡಿ ಸೊಸೆಯ ಕೈಗೆ ಬಂತು. ವರ್ಷ ಕಳೆಯುವುದರೊಳಗೆ ಅವಳೂ ಕೆಮ್ಮತೊಡಗಿದಳು.

"ಏನೇ ಇದು?"

"ನೆಗಡಿ ಅತ್ತೆ."

"ನನ್ನ ಹತ್ರಾನೇ ಕತೆ ಕಟ್ತೀಯಾ? ಈ ನೆಗಡಿ ನನ್ನೆದೇಲಿ ಬಾಡಿಗೆ ಕೊಡದೆ ಕೂತಿದೆ ಕಣೇ."

ಮಗ ತೋಟದಿಂದ ಕೋಸಿನ ಎಲೆ ಹಿಡಿದು ಬಂದ. ಎಲೆಯ ಹಿಂಬದಿ ಬೂದಿ ಬಳಿದಂತೆ ಹೇನು. "ಅಮ್ಮಾ, ಇವತ್ತು ಹೊಡೀದಿದ್ರೆ ಕೋಸು ಪೂರ್ತಿ ಹೋಯ್ತು. ಇದೊಂದು ಸಲ ಅಂಗಡಿ ಔಷಧಿ ತರ್ತೀನಿ."

"ನಿಮ್ಮಪ್ಪನೂ ಇದೊಂದು ಸಲ ಅಂತಾನೇ ಹೊರಟಿದ್ದು."

"ಹಂಗಾದ್ರೆ ಜರಡಿ ನಾನೇ ಹಿಡೀತೀನಿ. ಇಲ್ಲಾಂದ್ರೆ ಹೇನಿಗೆ ಕೈಮುಗಿದು ಹೋಗ್ರಪ್ಪಾ ಅನ್ಲಾ?"

"ಹಾಳಾಗಿರೋ ಎದೆ ಒಂದು ಮನೇಲೇ ಇದೆಯಲ್ಲೋ. ಹೊಸದು ಯಾಕೆ ಕೆಡಿಸ್ತೀಯಾ?"

ಆ ಮಾತನ್ನು ಮಗ, ಸೊಸೆ ಇಬ್ಬರೂ ತಮಾಷೆಯೆಂದುಕೊಂಡರು. ಅವನು ಕ್ಯಾನು ತೊಳೆಯಲು ಹೋದ; ಸೊಸೆ ನೀರಿಗೆ ಹೋದಳು. ಬೂಷ್ಟಮ್ಮ ಕೋಣೆಗೆ ನುಗ್ಗಿ ಒಳಗಿನಿಂದ ಅಗುಳಿ ಹಾಕಿದಳು. ಜರಡಿಯ ಸದ್ದು ಕೇಳಿ ಸೊಸೆ ಓಡಿಬಂದು ಬಾಗಿಲು ಬಡಿದಳು.

"ಅತ್ತೆ, ಕಾಲಿಗೆ ಬೀಳ್ತೀನಿ, ತೆಗೀರಿ!"

"ತೆಗೆದ್ರೆ ಹುಡಿ ನಿನ್ನ ಮೂಗಿಗೆ ಬರತ್ತೆ. ದೂರ ಹೋಗೇ!" ಮುಂದಿನ ಮಾತನ್ನು ಕೆಮ್ಮು ನುಂಗಿತು. ಜರಡಿ ನಿಂತಿತು, ಮತ್ತೆ ಆಡಿತು, ಮತ್ತೆ ನಿಂತಿತು.

ಮಗ ಹಾರೆಯಿಂದ ಬಾಗಿಲು ಮೀಟುವಷ್ಟರಲ್ಲಿ ಹುಡಿಯ ಡಬ್ಬಿ ತುಂಬಿತ್ತು. ಮುಚ್ಚಳವನ್ನೂ ಬಿಗಿದಿದ್ದಳು. ಗೋಡೆಗೊರಗಿ ಕೂತವಳ ತುಟಿ ನೀಲಿಗಟ್ಟಿತ್ತು. ಹುಬ್ಬು, ಕೂದಲು, ಸೆರಗು ಎಲ್ಲ ಬಿಳಿ. ಮಾತಿಗೆ ಉಸಿರು ಸಾಲದೆ ಬೆರಳಿನಿಂದ ಡಬ್ಬಿ ತೋರಿಸಿದಳು, ಆಮೇಲೆ ತೋಟದ ದಿಕ್ಕು.

ಸೊಸೆ ಅಳುತ್ತಲೇ ಡಬ್ಬಿ ಎತ್ತಿಕೊಂಡು ಕೋಸಿನ ಕಡೆ ಓಡಿದಳು. ಮಗ ಅಮ್ಮನನ್ನು ಹೊತ್ತು ರಸ್ತೆಯ ಕಡೆ ಓಡಿದ.