ಬಟ್ಟಲಿಗೆ ಮೊದಲ ತುಟಿ

ಅತ್ತೆಯ ಎರಡೂ ಮೊಣಕಾಲುಗಳ ಮೇಲೆ ಹಿಮ್ಮಡಿಯ ಚರ್ಮದಂತೆ ದಪ್ಪನೆಯ ಕಪ್ಪು ಜಡ್ಡು ಕಟ್ಟಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚಾಪೆಯನ್ನೂ ಹಾಸದೆ ಬರಿಯ ಮೊಸಾಯಿಕ್ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದ ಒಂದು ಆಯುಷ್ಯದ ಗುರುತು ಅದು. ಅವರು ತೀರಿಕೊಂಡಾಗ ಚರ್ಚಿನ ಸಭೆಯ ಹೆಂಗಸರು ಆ ಮೊಣಕಾಲುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಮುಟ್ಟಲಿಲ್ಲ. ಅಷ್ಟೊಂದು ಬಗ್ಗಿದ ಕಾಲುಗಳು ಬಗ್ಗಲೇಬೇಕಾಗಿದ್ದ ಒಂದು ಕಡೆ ಬಗ್ಗಲಿಲ್ಲವೆಂಬುದು ನನಗೆ ಗೊತ್ತಿತ್ತು.

ಅವರು ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ, ನಿವೃತ್ತಿಯವರೆಗೆ ಶಾಲಾ ಶಿಕ್ಷಕಿಯಾಗಿದ್ದರು. ತಂದೆಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನಾನು ಏಳನೆಯ ತರಗತಿಯಿಂದಲೇ ತಿಲಕ್ ನಗರದ ಅವರ ಮನೆಯಲ್ಲಿ ಬೆಳೆದೆ. ನಮ್ಮದು ಹಿಂದೆಂದೋ ತಮಿಳುನಾಡಿನ ಕಡೆಯಿಂದ ಬಂದ ಲೂಥರನ್ ಮನೆತನ. ಕ್ರೈಸ್ತರಾಗಿ ಆರು ತಲೆಮಾರು ಕಳೆದಿದ್ದರೂ ನಮ್ಮವರು ಒಂದನ್ನು ಮಾತ್ರ ಬಿಟ್ಟಿರಲಿಲ್ಲ, ಮೇಲ್ಜಾತಿಯೆಂಬ ಹೆಮ್ಮೆಯನ್ನು. ಕೂಸಿಗೆ ದೀಕ್ಷಾಸ್ನಾನ ಮಾಡಿಸಿದಷ್ಟೇ ಶ್ರದ್ಧೆಯಿಂದ ಅದನ್ನು ಮುಂದಿನವರಿಗೆ ದಾಟಿಸುತ್ತ ಬಂದಿದ್ದರು.

ಅತ್ತೆ ಸುಳ್ಳು ಹೇಳುತ್ತಿರಲಿಲ್ಲ. ಬಾಗಿಲಿಗೆ ಬಂದ ವ್ಯಾಪಾರಿಗೆ ಒಳಗಿನಿಂದಲೇ, "ಮನೇಲಿದ್ದೀನಪ್ಪ, ಆದ್ರೆ ನಿನ್ನ ಜೊತೆ ಮಾತಾಡೋಕೆ ಇಷ್ಟ ಇಲ್ಲ" ಎನ್ನುತ್ತಿದ್ದರು. ಸುಳ್ಳು ಹೇಳುವುದಕ್ಕೂ ಪ್ರಾರ್ಥನೆ ಮಾಡುವುದಕ್ಕೂ ದೇವರು ಎರಡು ನಾಲಿಗೆ ಕೊಟ್ಟಿಲ್ಲ ಎಂಬುದು ಅವರ ಮಾತು. ಇದನ್ನು ಗುಣವೆಂದು ನಾನು ಒಪ್ಪುತ್ತೇನೆ. ಆದರೆ ಗಂಡನನ್ನು ಬಿಟ್ಟು ಬಂದ ತರುಣಿಯೊಬ್ಬಳು ಗಾಯನವೃಂದಕ್ಕೆ ಸೇರದಂತೆ ತಡೆದವರೂ ಇವರೇ, ಹೆಂಗಸರು ಪ್ರಸಂಗಪೀಠ ಏರಿ ಉಪದೇಶ ಮಾಡಬಾರದೆಂದು ಹೆಂಗಸರ ಸಹಿಯನ್ನೇ ಸಂಗ್ರಹಿಸಿದವರೂ ಇವರೇ. ಸತ್ಯ ಹೇಳುವವರೆಲ್ಲ ನ್ಯಾಯವಂತರು ಎಂಬ ನಂಬಿಕೆ ನನಗೆ ಆ ಮನೆಯಲ್ಲಿಯೇ ಹೋಯಿತು.

ನಮ್ಮ ಸಭೆಯಲ್ಲಿ ಕರ್ತನ ಭೋಜನದ ದಿನ, ಯೇಸುವಿನ ಕೊನೆಯ ಊಟದ ನೆನಪಿಗೆ, ಜನರು ಸಾಲುಸಾಲಾಗಿ ಹೋಗಿ ಬಲಿಪೀಠದ ಮುಂದಿನ ಮರದ ಕಂಬಿಯ ಬಳಿ ಮೊಣಕಾಲೂರುತ್ತಾರೆ. ಸಭಾಪಾಲಕರು ಮೊದಲು ರೊಟ್ಟಿ ಕೊಡುತ್ತಾರೆ; ಆಮೇಲೆ ದ್ರಾಕ್ಷಾರಸದ ಬೆಳ್ಳಿಯ ಬಟ್ಟಲನ್ನು ಒಬ್ಬೊಬ್ಬರ ತುಟಿಗೆ ಹಿಡಿಯುತ್ತಾರೆ. ಎಲ್ಲರಿಗೂ ಒಂದೇ ಬಟ್ಟಲು. ಪ್ರತಿಯೊಬ್ಬರು ಕುಡಿದ ಮೇಲೂ ಅದರ ಅಂಚನ್ನು ಬಿಳಿಯ ಬಟ್ಟೆಯಿಂದ ಒರೆಸುತ್ತಾರೆ. ಹಾಡು ಮುಗಿಯುವ ಮೊದಲೇ ಅತ್ತೆ ಎದ್ದು ಮೊದಲ ಸಾಲಿನ ಮೊದಲ ಜಾಗ ಹಿಡಿಯುತ್ತಿದ್ದರು. ಪಕ್ಕದಲ್ಲಿ ನಾನು. ಅದು ಭಕ್ತಿಯ ಆತುರವೆಂದು ಸಭೆಯವರೆಲ್ಲ ನಂಬಿದ್ದರು. ನಾನಂತೂ ಅತ್ತೆಯ ಪಕ್ಕದ ಆ ಜಾಗವನ್ನು ಗೌರವವೆಂದು ಭಾವಿಸಿದ್ದೆ.

ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಒಂದು ಭಾನುವಾರ ಹೊಸದಾಗಿ ಬಂದ ಕುಟುಂಬವೊಂದು ನಮಗಿಂತ ಮೊದಲೇ ಹೋಗಿ ಅಲ್ಲಿ ಮೊಣಕಾಲೂರಿತು. ಅತ್ತೆ ಅರ್ಧ ದಾರಿಯಿಂದ ತಿರುಗಿ ಬಂದು ಬೆಂಚಿನಲ್ಲಿ ಕುಳಿತರು. ಮನೆಗೆ ಬಂದು ಊಟಕ್ಕೆ ಕುಳಿತಾಗ ಕಾರಣ ಕೇಳಿದೆ.

"ಯಾರ್ಯಾರ ಬಾಯಿ ತಾಗಿರುತ್ತೋ" ಎಂದರು.

ಸೋಂಕಿನ ಭಯವೇ ಎಂದು ಕೇಳಿದೆ.

"ಸೋಂಕಲ್ಲ ಕಣೇ. ಕಾಯಿಲೆ ನೋಡ್ಕೊಳ್ಳೋಕೆ ದೇವರಿದ್ದಾನೆ."

ಅಷ್ಟೇ ಹೇಳಿ ಸಾರಿಗೆ ಕೈ ಚಾಚಿದರು. ಆ ಸಾರನ್ನು ಮಾಡಿದವರು ನಮ್ಮ ಮನೆಯ ಅಡುಗೆಯ ಅಕ್ಕ. ರಾಯಚೂರು ಕಡೆಯ ದಲಿತ ಕ್ರೈಸ್ತ ಕುಟುಂಬದವರು, ವಿಧವೆ, ಗೊಟ್ಟಿಗೆರೆಯಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡಿದ್ದವರು. ಅವರ ಕೈಯಡುಗೆ ಅತ್ತೆಗೆ ಆಗುತ್ತಿತ್ತು. ಅವರಂಥವರ ಎಂಜಲು ಆಗುತ್ತಿರಲಿಲ್ಲ. ಎಲ್ಲರ ಎಂಜಲೂ ಒಂದಾಗಲೆಂದೇ ಇಟ್ಟ ಬಟ್ಟಲಿನ ಮುಂದೆ ಅತ್ತೆ ಪ್ರತಿ ಸಲವೂ ತಮ್ಮ ಜಾತಿಯನ್ನು ಕಾಪಾಡಿಕೊಳ್ಳುತ್ತಿದ್ದರು.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಅವರಿಗೆ ಕೂಸಿದ್ದಾಗಲೇ ದೀಕ್ಷಾಸ್ನಾನವಾಗಿತ್ತು. ಆದರೆ ಪಾಠಗಳನ್ನು ಕಲಿತು ಸಭೆಯ ಮುಂದೆ ದೃಢೀಕರಣ ಪಡೆದಿರಲಿಲ್ಲ. ಅದಿಲ್ಲದವರಿಗೆ ರೊಟ್ಟಿಯೂ ಇಲ್ಲ, ಬಟ್ಟಲೂ ಇಲ್ಲ. ಸಭೆಯಲ್ಲಿ ಆ ಪಾಠ ಹೇಳುತ್ತಿದ್ದವರು ಅತ್ತೆಯೇ. ಓದು ಬಾರದ ಅಕ್ಕನಿಗೆ, ತರಕಾರಿ ಹೆಚ್ಚುವ ಹೊತ್ತಿನಲ್ಲಿ, ಪ್ರಶ್ನೆ ಉತ್ತರಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸಿದರು. ಎರಡನೆಯ ವರ್ಷಕ್ಕೇ ಅಕ್ಕ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ದೃಢೀಕರಣ ನಡೆಯುವುದು ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಪ್ರತಿ ವರ್ಷ ಅದು ಹತ್ತಿರವಾದಾಗ ಅಕ್ಕ ಕೇಳುವರು. ಇನ್ನೂ ಪಕ್ವವಾಗಿಲ್ಲ, ಮುಂದಿನ ವರ್ಷ ನೋಡೋಣ ಎಂದು ಅತ್ತೆ ಹೇಳುವರು. ಹೀಗೆ ಏಳು ವರ್ಷ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ಏಳು ವರ್ಷಗಳಲ್ಲಿ ಕೊನೆಯ ಮೂರು ವರ್ಷ ಕಾರಣ ಏನೆಂದು ನನಗೆ ತಿಳಿದಿತ್ತು. ಬಿ.ಟಿ.ಎಂ. ಬಡಾವಣೆಯ ಮನೆಮನೆಗೂ ಹೋಗಿ ಮನೆಗೆಲಸದವರ ಹಕ್ಕುಗಳ ಕರಪತ್ರ ಹಂಚುತ್ತಿದ್ದ ನಾನು, ನಮ್ಮ ಅಡುಗೆಮನೆಯಲ್ಲಿ ಬಾಯಿ ಬಿಡಲಿಲ್ಲ. ಪದವಿಯ ನಂತರವೂ ಅತ್ತೆಯೇ ನನ್ನನ್ನು ಓದಿಸುತ್ತಿದ್ದರು. ಅದು ನೆಪ, ಹೇಡಿತನ ಅದರ ಸರಿಯಾದ ಹೆಸರು.

ಬಾಯಿ ಬಿಟ್ಟವರು ಅಕ್ಕ. ಹೊಸದಾಗಿ ಬಂದಿದ್ದ ಸಭಾಪಾಲಕರು ಆ ವರ್ಷದ ಹೆಸರುಗಳನ್ನು ಕೇಳಲು ಮನೆಗೆ ಬಂದಿದ್ದರು. ಕಾಫಿ ತಂದಿಟ್ಟ ಅಕ್ಕ ಒಳಗೆ ಹೋಗಲಿಲ್ಲ.

"ನನ್ನ ಪರೀಕ್ಷಾ ತಗೋರಿ ಪಾಸ್ಟರ್. ಏಳು ವರ್ಷ ಆತು ಕಲಿಯಾಕ ಹತ್ತಿ."

"ಏಳು ವರ್ಷಕ್ಕೆ ನಾನೇ ಪಾಸ್ಟರ್ ಆಗ್ಬಿಟ್ಟಿದ್ದೆ, ಅಕ್ಕಾ" ಎಂದು ಅವರು ನಕ್ಕರು. ಇಷ್ಟು ಆತುರ ಯಾಕೆ ಎಂದು ಕೇಳಿದರು.

ಬಟ್ಟಲು ಒರೆಸುವ ಬಟ್ಟೆಗಳನ್ನು ಅತ್ತೆ ಮನೆಗೆ ತರುತ್ತಿದ್ದರು. ಒಗೆದು ಇಸ್ತ್ರಿ ಮಾಡುತ್ತಿದ್ದವರು ಅಕ್ಕ.

"ಅರಿಬಿಗೆ ಹತ್ತಿದ ರಸದ ಕಲಿ ತಿಕ್ಕಿ ತಿಕ್ಕಿ ತೆಗದೀನ್ರಿ. ರುಚಿ ಮಾತ್ರ ಗೊತ್ತಿಲ್ಲ."

ಪಾಸ್ಟರ್ ನಗು ನಿಂತಿತು. ಅಲ್ಲೇ ಪ್ರಶ್ನೆಗಳನ್ನು ಕೇಳಿದರು. ನಿಂತೇ ಇದ್ದ ಅಕ್ಕ ಎಲ್ಲಕ್ಕೂ ಉತ್ತರಿಸಿದರು. ಪಾಸ್ಟರ್ ತಾವೇ ತಡವರಿಸಿದ ಒಂದು ಕಡೆ ಮುಂದಿನ ಪದವನ್ನು ಅಕ್ಕನೇ ಎತ್ತಿಕೊಟ್ಟರು. ಕೊನೆಗೆ ಪಾಸ್ಟರ್ ಅತ್ತೆಯ ಕಡೆ ತಿರುಗಿ, "ಏನಂತೀರಾ ಟೀಚರ್?" ಎಂದರು.

ಆ ವರ್ಷವೂ ತಡೆಯಲು ಅತ್ತೆಗೆ ಸಣ್ಣದೊಂದು ಸುಳ್ಳು ಸಾಕಿತ್ತು.

"ತಪ್ಪಿಲ್ಲ. ಐದು ವರ್ಷದ ಹಿಂದೇನೂ ತಪ್ಪಿರ್ಲಿಲ್ಲ."

"ಮತ್ಯಾಕೆ ಇಷ್ಟು ದಿನ?"

"ಅದನ್ನ ದೇವರಿಗೆ ಹೇಳ್ಕೋತೀನಿ. ನಿಮಗಲ್ಲ."

ಹೊಸದಾಗಿ ದೃಢೀಕರಣ ಪಡೆದವರಿಗೆ ಗರಿಗಳ ಭಾನುವಾರ ಮೊದಲ ಸಾಲು ಮೀಸಲು. ಬಿಳಿಯ ಸೀರೆಯುಟ್ಟ ಅಕ್ಕ, ಹದಿಹರೆಯದ ಹುಡುಗ ಹುಡುಗಿಯರ ನಡುವೆ ಒಬ್ಬರೇ ನಡುವಯಸ್ಸಿನವರು, ಕಂಬಿಯ ಬಳಿ ಅತ್ತೆಯ ಆ ಮೊದಲ ಜಾಗದಲ್ಲಿ ಮೊಣಕಾಲೂರಿದರು. ಬಟ್ಟಲಿಗೆ ಮೊದಲು ತಾಗಿದ್ದು ಅವರ ತುಟಿ. ಉಳಿದ ಸಾಲುಗಳು ಒಂದೊಂದಾಗಿ ಹೋಗಿ ಬಂದವು. ಅತ್ತೆ ಬೆಂಚಿನಿಂದ ಏಳಲಿಲ್ಲ.

ಮುಂದಿನ ಭಾನುವಾರಗಳಲ್ಲೂ ಏಳಲಿಲ್ಲ. ಮೊದಲ ಜಾಗ ಮತ್ತೆ ಖಾಲಿಯೇ ಇತ್ತು. ಆದರೆ ಅಕ್ಕನ ತುಟಿ ಒಮ್ಮೆ ತಾಗಿದ ಬಟ್ಟಲು ಅವರ ಪಾಲಿಗೆ ಮತ್ತೆ ಮೊದಲಿನಂತಾಗಲಿಲ್ಲ. ಜಗತ್ತಿನಲ್ಲಿ ತಾವು ಎಲ್ಲಕ್ಕಿಂತ ಹೆಚ್ಚಾಗಿ ಬಯಸುತ್ತಿದ್ದುದನ್ನೇ ಅವರು ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ಯಾರಾದರೂ ಕೇಳಿದರೆ, "ನಾನು ಯೋಗ್ಯಳಲ್ಲ" ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಆದರೆ ಸಭೆ ಅದನ್ನು ದೀನತೆಯೆಂದು ತಿಳಿದು ಇನ್ನಷ್ಟು ತಲೆಬಾಗಿತು.

ಕೊರೊನಾ ಬಂದಾಗ ಸಭೆಯವರು ಬಟ್ಟಲನ್ನು ಒಳಗಿಟ್ಟು ಒಬ್ಬೊಬ್ಬರಿಗೂ ಬೆರಳುದ್ದದ ಪ್ಲಾಸ್ಟಿಕ್ ಲೋಟ ಕೊಡತೊಡಗಿದರು. ಆ ಮೊದಲ ಭಾನುವಾರವೇ ಅತ್ತೆ ಎದ್ದು ಹೋಗಿ ಮೊಣಕಾಲೂರಿದರು, ಕಣ್ಣಲ್ಲಿ ನೀರಿತ್ತು. ಊರಿಗೆಲ್ಲ ಸಾವು ತಂದ ಕಾಯಿಲೆ ಅವರಿಗೆ ದೇವರನ್ನು ಹಿಂದಿರುಗಿಸಿತು. ಇಷ್ಟು ನೀಚವಾದ ಆನಂದವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕಾಯಿಲೆ ತಗ್ಗಿ ಬಟ್ಟಲು ಹೊರಗೆ ಬಂದಾಗ ಅವರು ಮತ್ತೆ ಬೆಂಚಿಗೆ ಮರಳಿದರು.

ಹಾಸಿಗೆ ಹಿಡಿದ ಮೇಲೆ ಅವರನ್ನು ತೊಳೆದು ಉಣಿಸಿದವರು ಅಕ್ಕ. ಕೊನೆಯ ವಾರ ಪಾಸ್ಟರ್ ರೊಟ್ಟಿ, ಬಟ್ಟಲು ತೆಗೆದುಕೊಂಡು ಮನೆಗೆ ಬಂದರು. ಮನೆಯವರಿಗೆ ಮೊದಲು, ರೋಗಿಗೆ ಕೊನೆಗೆ ಎಂಬುದು ಅವರ ಕ್ರಮ. ಅಕ್ಕ ಕುಡಿದರು, ನಾನು ಕುಡಿದೆ. ಅತ್ತೆ ರೊಟ್ಟಿ ತೆಗೆದುಕೊಂಡರು. ಅಕ್ಕ ಅವರ ತಲೆಯನ್ನು ತೋಳಿನಲ್ಲೆತ್ತಿ ಹಿಡಿದರು. ಬಟ್ಟಲು ತುಟಿಯ ಬಳಿಗೆ ಬಂತು. ಅತ್ತೆ ಅದನ್ನು ನೋಡಿದರು, ಅಕ್ಕನ ಮುಖವನ್ನೂ ನೋಡಿದರು. ಬಾಯಿ ಮುಚ್ಚಿಕೊಂಡರು. ಪಾಸ್ಟರ್ ಕಾದರು. ತುಟಿ ಬಿಚ್ಚಲಿಲ್ಲ. ಉಳಿದದ್ದನ್ನು ಅಕ್ಕನೇ ಕುಡಿದರು. ಮೂರನೆಯ ದಿನ ಅತ್ತೆ ತೀರಿಕೊಂಡರು.

ಸ್ಮರಣೆಯ ಆರಾಧನೆಯಲ್ಲಿ ಹಿರಿಯರೊಬ್ಬರು, ತಾನು ಯೋಗ್ಯಳಲ್ಲವೆಂದು ಬಟ್ಟಲಿನಿಂದ ದೂರ ಉಳಿದ ಇಂಥ ದೀನತೆ ಇನ್ನು ಕಾಣಸಿಗದು ಎಂದರು. ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ಅಕ್ಕ ನನ್ನ ಸೆರಗು ಹಿಡಿದು ಎಳೆದರು.

"ಕುಂದ್ರಿ. ಅದು ನನ್ನ ಮಾತು. ಹೇಳೂದಿದ್ರ ನಾ ಹೇಳ್ತೀನಿ."

ಕುಳಿತೆ. ಅವರು ಏನೂ ಹೇಳಲಿಲ್ಲ. ಕ್ಷಮಿಸಿದಿರಾ ಎಂದು ಹೊರಗೆ ಬಂದ ಮೇಲೆ ಕೇಳಿದೆ. ಅವರು ಸೆರಗು ಹೊದ್ದು ಬಸ್ ನಿಲ್ದಾಣದ ಕಡೆ ನಡೆದರು. ನಾನೂ ಜೊತೆಗೆ ನಡೆದೆ.

ಅತ್ತೆಯ ಋಣ ನನ್ನ ಮೇಲೆ ದೊಡ್ಡದು. ಅನ್ನ ಹಾಕಿದರು, ಓದಿಸಿದರು, ಸುಳ್ಳಿಗೆ ನಾಲಿಗೆ ಏಳದಂತೆ ಬೆಳೆಸಿದರು. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂಬ ರೂಢಿಗೆ ನಾನಿಂದು ಬಗ್ಗಲಾರದಿರುವುದೂ ಅವರು ಬೆಳೆಸಿದ ನಾಲಿಗೆಯಿಂದಲೇ. ಅವರ ಬಗ್ಗೆ ಬರೆಯಲೇ ಎಂದು ಅಕ್ಕನನ್ನು ಕೇಳಿದಾಗ ಬಸ್ಸು ಬಂದಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ಅವರು ತಿರುಗಿದರು.

"ಬರೀರಿ. ನನ್ನ ಹೆಸರು ಬ್ಯಾಡ, ಟೀಚರಮ್ಮಂದೂ ಬ್ಯಾಡ. ಓದಾಕ ಬರದ ನನಗ ಅಷ್ಟೂ ಕಲಿಸಿದ್ದು ಬರೀರಿ. ಆದ್ರ ಕೊನೀಗೆ ಬಾಯಿ ಮುಚ್ಚಿದ್ದು ಮಾತ್ರ ಬಿಡಬ್ಯಾಡ್ರಿ."

ಬಿಟ್ಟಿಲ್ಲ.