ಕಡಿಯುವ ಮರಿಗೆ ಹದಿನೆಂಟು ದಿನ

ಹಿಪ್ಪುನೇರಳೆ ತೋಟದ ಡ್ರಿಪ್ ಪೈಪು ಮೂರನೇ ಸಲ ತೂತಾದ ದಿನವೇ ನನ್ನ ಗಂಡನ ಸೇಫ್ಟಿ ಶೂ ಕೂಡ ಹೋಯಿತು. ಅವರಿಗೆ ಮಾಲೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿಯುವ ಆತುರದಲ್ಲಿ ಹೊರಗೆ ಬಂದು ನೋಡಿದರೆ ಬಲಗಾಲಿನ ಶೂಗೆ ಹಿಮ್ಮಡಿಯೇ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು. ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಹತ್ತು ಗಂಟೆಗೆ ವಾಪಸ್ಸು ಬಂದಾಗ, ಐದು ತಿಂಗಳ ನಾಯಿಮರಿ ಪೈಪಿನ ತುಂಡೊಂದನ್ನು ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತ ಅವರ ಎದುರಿಗೇ ಹೋಯಿತು. ಅದೇ ತುಂಡನ್ನು ಕಿತ್ತುಕೊಂಡು ಎರಡು ಬಾರಿಸಿದರು.

ಮರಿ ಕಿರುಚುತ್ತ ಓಡಿಹೋಗಿ ಜಗಲಿಯಲ್ಲಿದ್ದ ಅತ್ತೆಯ ಮಂಚದ ಕೆಳಗೆ ಸೇರಿಕೊಂಡು ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಒರೆಸಲೆಂದು ನಾನು ಬಗ್ಗಿ ನೋಡಿದರೆ, ಮೈ ನಡುಗುತ್ತಲೇ ಇತ್ತು, ಬಾಯಿ ಮಾತ್ರ ಮಂಚದ ನವಾರನ್ನು ಕಡಿಯುತ್ತಿತ್ತು.

"ಭಾನುವಾರ ಇದನ್ನ ಕುರುಡುಮಲೆ ಹತ್ರ ಬಿಟ್ಟು ಬರ್ತೀನಿ," ಅಂದರು. "ದೇವಸ್ಥಾನಕ್ಕೆ ಬರೋ ಜನ ಏನಾದ್ರೂ ಹಾಕ್ತಾರೆ. ಬದುಕ್ಕೊಳ್ಳುತ್ತೆ."

ಮರಿಯನ್ನು ತಂದವಳು ನಾನು. ಮಾಲೂರಿನ ನಮ್ಮಕ್ಕನ ಮನೆಯಿಂದ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಅದನ್ನು ಗುರುತಿಲ್ಲದ ಊರಲ್ಲಿ ಇಳಿಸಿ, ಅದು ನೋಡುತ್ತಿರುವಾಗಲೇ ಗಾಡಿ ತಿರುಗಿಸಿಕೊಂಡು ಬರುವುದನ್ನು ನಾನು ಒಪ್ಪುವಂತಿರಲಿಲ್ಲ.

"ಹುಳ ಹಣ್ಣಾಗೋವರೆಗೂ ಟೈಮ್ ಕೊಡ್ರಿ," ಅಂದೆ. "ಆಮೇಲೂ ಕಡೀತಿದ್ರೆ ನಾನೇ ಹೋಗಿ ಬಿಟ್ಟು ಬರ್ತೀನಿ."

ಹುತ್ತೂರಿನ ಪಕ್ಕದ ನಮ್ಮ ಊರಿನಲ್ಲಿ ನಾನೂ ಅತ್ತೆಯೂ ರೇಷ್ಮೆಹುಳ ಸಾಕುತ್ತೇವೆ. ಆವತ್ತು ತಾನೇ ಎರಡನೇ ಜ್ವರ ಕಳೆದ ಮರಿಹುಳಗಳು ಮನೆಗೆ ಬಂದಿದ್ದವು. ಹುಳ ಸೊಪ್ಪು ಬಿಟ್ಟು, ಪೊರೆ ಕಳಚಲು ಮಂಕಾಗಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಅಲ್ಲಿಂದ ಮುಂದೆ ಅವು ಹಣ್ಣಾಗಿ ಗೂಡು ಕಟ್ಟಲು ಸುಮಾರು ಹದಿನೆಂಟು ದಿನ ಬೇಕು. ಅಷ್ಟು ದಿನ ನನ್ನ ಪಾಲಿಗಿತ್ತು.

ಮಾರನೇ ದಿನವೇ ಮರಿಯನ್ನು ಕೋಲಾರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅದರ ತುಟಿ ಎತ್ತಿ ತೋರಿಸಿದರು. "ನೋಡಮ್ಮ, ಹಾಲುಹಲ್ಲು ಬೀಳ್ತಾ ಇದೆ. ಒಸಡು ತುರಿಸುತ್ತೆ, ಕಡೀದೆ ಇರಕ್ಕಾಗಲ್ಲ. ಏನು ಕಡೀಬೇಕೋ ಅದನ್ನ ನೀವು ಕೊಡಿ. ಕಡೀಬಾರದ್ದಕ್ಕೆ ಏನಾದ್ರೂ ಕಹಿ ಹಚ್ಚಿ."

ಕಹಿ ಅಂದ ಕೂಡಲೇ ನನಗೆ ಹೊಳೆದದ್ದು ಬೇವಿನೆಣ್ಣೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದೆವು. ಅವುಗಳಲ್ಲಿ ಒಂದರ ಅಂಚನ್ನು ಮರಿ ಆಗಲೇ ಸಿಗಿದು ಹಾಕಿತ್ತು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಮೊದಲ ಚಂದ್ರಿಕೆಗೆ ಹಚ್ಚಬೇಕು, ಅತ್ತೆ ಓಡಿಬಂದು ಕೈಯಿಂದ ಬಾಟಲು ಕಿತ್ತುಕೊಂಡರು.

"ಅಯ್ಯೋ, ನಿಂಗೇನು ಬುದ್ಧಿ ಇದೆಯಾ? ಬೇವು ಸೋಕಿದ್ರೆ ಹುಳ ಉಳೀತದಾ? ಒಂದು ಕುಕ್ಕಗೋಸ್ಕರ ಬೆಳೇನೇ ಹಾಳು ಮಾಡ್ತೀಯಾ?"

ಅತ್ತೆ ಶ್ರೀನಿವಾಸಪುರದ ಕಡೆಯವರು. ಸಿಟ್ಟು ಬಂದರೆ ಮಾತಿನಲ್ಲಿ ತೆಲುಗು ನುಗ್ಗುತ್ತದೆ. ಕುಕ್ಕ ಅಂದರೆ ನಾಯಿ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸೋಪು ಹಾಕಿ ಮೂರು ಸಲ ಕೈ ತೊಳೆದುಕೊಂಡೆ. ಯಾವ ಕಹಿಯನ್ನೂ ಹಚ್ಚುವಂತಿಲ್ಲ ಅಂದಮೇಲೆ, ತಿದ್ದಬೇಕಾದ್ದು ಮರಿಯನ್ನೇ.

ಎರಡು ದಿನ ಸುಮ್ಮನೆ ಗಮನಿಸಿದೆ. ನಾನು ಜೊತೆಯಲ್ಲಿದ್ದಾಗ ಅದು ಏನನ್ನೂ ಕಡಿಯುತ್ತಿರಲಿಲ್ಲ. ಹುಳದ ಮನೆಯೊಳಗೆ ಹೋಗಿ ನಾನು ಬಾಗಿಲು ಹಾಕಿಕೊಂಡರೆ ಸಾಕು, ಐದು ನಿಮಿಷದಲ್ಲಿ ಯಾವುದಾದರೊಂದು ವಸ್ತು ಅದರ ಬಾಯಲ್ಲಿರುತ್ತಿತ್ತು. ಬೆಳಿಗ್ಗೆ ಸೊಪ್ಪು ಕೊಯ್ಯುವ ಮೊದಲು ಹಗ್ಗ ಕಟ್ಟಿ ಕೆರೆಕಟ್ಟೆಯವರೆಗೂ ನಡೆಸಲು ಶುರುಮಾಡಿದೆ. ಒಳಗೆ ಹೋಗುವ ಮುಂಚೆ ಚಪ್ಪಲಿ, ಪೊರಕೆ, ಬುಟ್ಟಿ ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಮರಿಯನ್ನು ನೆರಳಲ್ಲಿ ಕಟ್ಟಿ, ಮುಂದೆ ಎರಡು ಹಸಿ ಹಿಪ್ಪುನೇರಳೆ ಕಡ್ಡಿ ಹಾಕುತ್ತಿದ್ದೆ. ಹುಳ ತಿಂದು ಬಿಟ್ಟ ಕಡ್ಡಿ ಗುಡ್ಡೆಗಟ್ಟಲೆ ಇತ್ತು, ಆದರೆ ಅದಕ್ಕೆ ಹುಳಕ್ಕೆ ರೋಗ ಬಾರದಂತೆ ಎರಚುವ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರು ಸೋಕಿರುತ್ತದೆ. ಹಾಗಾಗಿ ತೋಟದಿಂದಲೇ ಬೇರೆ ತರುತ್ತಿದ್ದೆ. ಹಳೇ ಬಟ್ಟೆಗೆ ಗಟ್ಟಿ ಗಂಟು ಹಾಕಿ, ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ತಣ್ಣಗಿನ ಗಂಟನ್ನು ಒಸಡಿಗೆ ಒತ್ತಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಹುಳಗಳು ಮೂರನೇ ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವ ಕೆಲಸವಿರಲಿಲ್ಲ. ಇಡೀ ದಿನ ಮರಿಯ ಜೊತೆಯೇ ಕೂತೆ. ಬಾಯಲ್ಲಿ ಏನಿದ್ದರೂ "ಬಿಡು" ಅನ್ನುವುದು, ಬಿಟ್ಟರೆ ಬೇಯಿಸಿದ ಮೊಟ್ಟೆಯ ಚೂರು ಕೊಡುವುದು. ಅರ್ಧಕ್ಕರ್ಧ ಸಲ ಅದು ಬಿಡಲೇ ಇಲ್ಲ. ಸಂಜೆಗೆ ನನ್ನ ಗಂಟಲು ಕಟ್ಟಿತ್ತು. ಮನೆಗೆ ಬಂದ ಗಂಡ ನೋಡಿ ನಕ್ಕರು. "ಮೊಟ್ಟೆ ತಿಂದು ದಪ್ಪ ಆಗುತ್ತೆ ಅಷ್ಟೇ ಕಣೇ." ನಾನು ಇನ್ನೊಂದು ಮೊಟ್ಟೆ ಸುಲಿದೆ.

ನಾಲ್ಕನೇ ಜ್ವರ ಎದ್ದಮೇಲೆ ಹುಳಗಳ ಹಸಿವಿಗೆ ಮಿತಿಯಿರುವುದಿಲ್ಲ. ಕೊಯ್ದು ತಂದು ಹಾಕುವಷ್ಟರಲ್ಲಿ ಖಾಲಿ. ಅಂಥ ಒಂದು ಮಧ್ಯಾಹ್ನ ಮರಿಯನ್ನು ಕಟ್ಟುವುದು ಮರೆತುಬಿಟ್ಟೆ. ಹೊರಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು, ಕೈಯಲ್ಲಿ ಒಂದೇ ಕಡ್ಡಿ ಉಳಿದ ಕನ್ನಡಕ. ಇನ್ನೊಂದು ಕಡ್ಡಿ ಮರಿಯ ಬಾಯಲ್ಲಿತ್ತು. ಮುಗಿಯಿತು, ಎಲ್ಲ ಮುಗಿಯಿತು ಅಂದುಕೊಂಡೆ.

ಅತ್ತೆ ಕೂಗಾಡಲಿಲ್ಲ. ಮರಿಯ ಕಡೆ ಬೆರಳು ತೋರಿಸಿ ಗಟ್ಟಿಯಾಗಿ, ಒಂದೇ ಸಲ, "ವದ್ದು!" ಅಂದರು. ಬೇಡ ಅನ್ನುವುದಕ್ಕೆ ತೆಲುಗು ಮಾತು. ಮರಿ ಕನ್ನಡಕದ ಕಡ್ಡಿಯನ್ನು ನೆಲಕ್ಕೆ ಹಾಕಿ ಅವರನ್ನೇ ನೋಡುತ್ತ ಕೂತಿತು.

"ನೀನು ಬಿಡು ಬಿಡು ಅಂತ ಅದರ ಹತ್ರ ಬೇಡ್ಕೊಳ್ತೀಯ ಕಣಮ್ಮ," ಅಂದರು ಅತ್ತೆ. "ಬೇಡ್ಕೊಂಡ್ರೆ ಯಾರು ಕೇಳ್ತಾರೆ? ಎಲ್ಲಿ, ಆ ಮೊಟ್ಟೆ ಇಲ್ಲಿ ಕೊಡು."

ನಾಯಿಯನ್ನು ಹೊಸ್ತಿಲಿಗೂ ಸೇರಿಸದ ಅತ್ತೆ ಆವತ್ತಿನಿಂದ ಜಗಲಿಯ ಮೇಲೆ ಕೂತು ಅದನ್ನು ನೋಡಿಕೊಳ್ಳತೊಡಗಿದರು. ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ನಾನು ಸೊಪ್ಪು ಹಾಕುವಾಗೆಲ್ಲ ಬಾಗಿಲಿನಾಚೆಯಿಂದ ಅವರ "ವದ್ದು" ಕೇಳಿಸುತ್ತಿತ್ತು. ಅದರ ಹಿಂದೆಯೇ, ದನಿ ತಗ್ಗಿಸಿ, "ಹಾಂ, ಬಂಗಾರು" ಅನ್ನುವುದೂ ಕೇಳಿಸುತ್ತಿತ್ತು. ನಾನೂ "ಬಿಡು" ಅನ್ನುವುದನ್ನು ಬಿಟ್ಟೆ.

ಹುಳ ಹಣ್ಣಾದ ದಿನ ಗಂಡ ರಜೆ ಹಾಕಿದ್ದರು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಹುಳ ಆರಿಸಲು ಬಂದಿದ್ದರು. ಹೊಂಬಣ್ಣಕ್ಕೆ ತಿರುಗಿದ ಹುಳಗಳನ್ನು ಬಿಟ್ಟ ಚಂದ್ರಿಕೆಗಳನ್ನು ಚಪ್ಪರದಡಿ ಸಾಲಾಗಿ ಒರಗಿಸುತ್ತಿದ್ದೆವು. ಆ ಗಡಿಬಿಡಿಯಲ್ಲಿ ಯಾರೋ ಮರಿಯ ಹಗ್ಗ ಬಿಚ್ಚಿದ್ದರು. ನೋಡುತ್ತೇನೆ, ಚಂದ್ರಿಕೆಯ ಕೆಳಗೆ ಚಾಚಿಕೊಂಡಿದ್ದ ಬಿದಿರಿನ ತುದಿಯನ್ನು ಅದು ಮೂಸುತ್ತ ನಿಂತಿದೆ. ಬಾಯಿ ಹಾಕಿ ಎಳೆದರೆ ಇಡೀ ಸಾಲೇ ಉರುಳುತ್ತದೆ. ನನ್ನ ಬೊಗಸೆ ತುಂಬ ಹುಳ. ಗಂಡ ಮುಂದೆ ನುಗ್ಗಿದರು.

"ನೀವು ನಿಲ್ರಿ," ಅಂದೆ ಅವರಿಗೆ. ಮರಿಗೆ, "ವದ್ದು," ಅಂದೆ.

ಮರಿ ತಲೆ ಎತ್ತಿ ನನ್ನನ್ನು ನೋಡಿತು, ಮತ್ತೆ ಬಿದಿರನ್ನು ನೋಡಿತು. ಆಮೇಲೆ ಚಪ್ಪರದಿಂದಾಚೆ ಹೋಗಿ, ತನ್ನ ಕಡ್ಡಿಯನ್ನು ಹುಡುಕಿ, ಮುಂಗಾಲುಗಳ ನಡುವೆ ಇಟ್ಟುಕೊಂಡು ಅಗಿಯತೊಡಗಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಮುದ್ದೆ ಮುರಿಯುತ್ತ ಕೇಳಿದರು, "ಅದಕ್ಕೆ ಊಟ ಹಾಕಿದ್ಯಾ?"

ಈಗ ಅದಕ್ಕೆ ಹಲ್ಲೆಲ್ಲ ಬಂದು ಗಟ್ಟಿಯಾಗಿವೆ. ಕಡಿಯುವುದನ್ನು ಪೂರ್ತಿ ಬಿಟ್ಟಿದೆ ಅಂದರೆ ಸುಳ್ಳಾಗುತ್ತದೆ. ಹೋದ ವಾರ ಒಂದು ಪ್ಲಾಸ್ಟಿಕ್ ಮಗ್ಗು ಹೋಯಿತು. ಅದನ್ನು ಕೆಳಗೆ ಬಿಟ್ಟವಳು ನಾನೇ. ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಎರಡು ದಪ್ಪ ಕಡ್ಡಿ ನೋಡಿ ಬದಿಗಿಡುತ್ತೇನೆ. ಸಂಜೆ ಅಂಗಳದ ತುಂಬ ಹರಡಿದ ಸಿಪ್ಪೆ, ಚೂರುಗಳನ್ನು ಗುಡಿಸಿ ತಿಪ್ಪೆಗೆ ಹಾಕುತ್ತೇನೆ.