ಮನೆಗೆ ಬಾರದ ಕಂಬಗಳು

ಎಫ್, ಯು, ಟಿ, ಎ, ಆರ್. ಫೋಲ್ಡರಿನ ಹೆಸರು ಅಷ್ಟೇ. ಒಳಗೆ ಒಂದೇ ಒಂದು ಫೈಲು.

ಅಫಜಲಪುರದ ಒಂದು ತೊಗರಿಬೇಳೆ ಮಿಲ್ಲಿನ ಹಳೆಯ ವೆಬ್‌ಸೈಟನ್ನು ಹೊಸದು ಮಾಡುವ ಕೆಲಸ ಕಲಬುರಗಿಯ ನಮ್ಮ ಕಚೇರಿಗೆ ಬಂದಿತ್ತು. ಅದರ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದೆ. ಪುಟದ ತಳದಲ್ಲಿ ವಿಳಾಸ, ಫೋನ್ ನಂಬರು ಇರುವ ಭಾಗಕ್ಕೆ ನಮ್ಮ ಕೆಲಸದಲ್ಲಿ ಫೂಟರ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಓ ಬೇಕು, ಕೊನೆಗೆ ಇ ಮತ್ತು ಆರ್. ಕಿವಿಗೆ ಕೇಳಿದಂತೆ ಹೀಗೆ ಬರೆಯುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ... ಎಸಿ ಹಾಕಿದ ಆ ಕೋಣೆಯಲ್ಲಿ ಮೂಗಿಗೆ ಹಳೆಯ ತಾಡಪತ್ರಿಯ, ಹಂದರಕ್ಕೆ ಹೊದಿಸುವ ಆ ದಪ್ಪ ಬಟ್ಟೆಯ ವಾಸನೆ ಬಂತು.

ಅವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಆಳಂದದಲ್ಲಿ ಅವರ ತಂದೆಯದು ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಂದರದ ಕಂಬಗಳು ಅವರ ಗೋದಾಮಿನಿಂದಲೇ ಹೋಗುತ್ತಿದ್ದವು. ಯಾವ ಕಂಬದ ಪಕ್ಕ ಯಾವುದು ನಿಲ್ಲಬೇಕೆಂದು ಪ್ರತಿಯೊಂದರ ಮೇಲೂ ಬಣ್ಣದಲ್ಲಿ ನಂಬರು ಬರೆದಿರುತ್ತಿತ್ತು. ಆ ಗೋದಾಮಿನ ಮುಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನಿಟ್ಟು ಆಪಾ ಹುಡುಗಿಯರಿಗೆ ವೆಬ್‌ಸೈಟು ಮಾಡಲು ಕಲಿಸುತ್ತಿದ್ದರು. ಅವರು ಅದನ್ನು ಕಾಲೇಜಿನಲ್ಲಿ ಕಲಿತವರಲ್ಲ. ವಿಡಿಯೋ ಹಚ್ಚಿ, ಕೇಳಿ, ನಿಲ್ಲಿಸಿ, ಮತ್ತೆ ಕೇಳಿ ಕಲಿತವರು. ನಾನು ಸರಸಂಬಾದಿಂದ ಬಸ್ಸಿಗೆ ಬರುತ್ತಿದ್ದೆ. ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಸೇರುವ ಮೊದಲಿನ ಮಾತು.

ಯಾವ ವೆಬ್‌ಸೈಟಾದರೂ ಶುರುವಿಗೆ ಬೇಕಾಗುವುದು ಅವೇ ಫೋಲ್ಡರುಗಳು, ಅದೇ ತಲೆಭಾಗ, ಅದೇ ತಳಭಾಗ. ಅಷ್ಟನ್ನು ಟೈಪು ಮಾಡುವುದರಲ್ಲೇ ಕ್ಲಾಸು ಮುಗಿದು ನಮ್ಮ ಬಸ್ಸಿನ ಹೊತ್ತಾಗುತ್ತಿತ್ತು. ಅದಕ್ಕಾಗಿ ಆಪಾ ಒಂದು ಸಣ್ಣ ಟೂಲು ಬರೆದರು. ಕಪ್ಪು ಪರದೆಯ ಮೇಲೆ 'ಹಂದರ' ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ಅದು ನಮ್ಮ ಮಾತಿನಲ್ಲೇ ಕೇಳುತ್ತಿತ್ತು: "ಏನ್ ಕಟ್ಟಾಕತ್ತೀರಿ?" ಹೆಸರು ಕೊಟ್ಟ ಕೂಡಲೇ ಇಡೀ ಚೌಕಟ್ಟು ನಿಲ್ಲಿಸಿ, "ಹಂದರ ಎದ್ದದ್ರಿ, ಒಳಗ ಬರ್ರಿ," ಎನ್ನುತ್ತಿತ್ತು. ಮುಂದೆ ಫೋಟೋಗಳ ಸಾಲೋ, ಒತ್ತುವ ಬಟನ್ನೋ ಯಾವುದಾದರೂ ಹೊಸ ಭಾಗ ಬೇಕಾದರೆ 'ಕಂಬ' ಎಂದು ಬರೆದು ಅದರ ಹೆಸರು ಕೊಟ್ಟರೆ ಸಾಕು. ಏನೂ ಬರೆಯದೆ ಬರೀ ಎಂಟರ್ ಒತ್ತಿದರೆ, "ಮಾತಾಡ್ ಬೇ, ನಾಚಬ್ಯಾಡ," ಎಂದು ಬರುತ್ತಿತ್ತು. ಅದನ್ನು ನನಗಾಗಿಯೇ ಬರೆದದ್ದೆಂದು ಉಳಿದವರು ನಗುತ್ತಿದ್ದರು.

ಪ್ರಶ್ನೆಗಳು ನಮ್ಮ ಮಾತಿನಲ್ಲಿದ್ದರೂ ಫೋಲ್ಡರುಗಳ ಹೆಸರು ಮಾತ್ರ ಇಂಗ್ಲಿಷಿನಲ್ಲೇ ಇರಬೇಕೆಂದು ಆಪಾ ಹಟ ಹಿಡಿದಿದ್ದರು.

"ನಾಳೆ ನೀವು ಕೆಲಸಕ್ಕ ಹೋಗೋರು. ನೀವು ಮಾಡಿದ್ದು ತೆರದ ನೋಡಿ ಮಂದಿ ನಗಬಾರ್ದು."

ಅವರ ತಂದೆ ಒಮ್ಮೆ ಬಾಗಿಲಲ್ಲಿ ನಿಂತು ಹಂದರ ಏಳುವುದನ್ನು ನೋಡಿದರು. "ಏನ್ ಬೇಟಿ, ಹಗ್ಗ ಇಲ್ಲ, ಗೂಟ ಇಲ್ಲ! ನಮ್ಮ ಆಳುಗಳಿಗೂ ಇದನ್ನ ಕಲಿಸಿಬಿಡು," ಎಂದರು. ಹೊರಟವರು ಮತ್ತೆ ತಿರುಗಿದರು. "ಖರೇ ಹೇಳ್ತೇನಿ, ಧಂಧಾ ಮಾತ್ರ ಲುಕ್ಸಾನಿಂದು. ನಮ್ಮ ಕಂಬ ಮದುವಿ ಮುಗದ್ ಮ್ಯಾಲ ಮನಿಗೆ ಬರ್ತಾವ. ನಿನ್ನ ಕಂಬ ಬರಂಗಿಲ್ಲಲ್ಲ!"

"ಹೋಗ್ರಿ ಅಬ್ಬಾ, ನಿಮಗೇನ್ ತಿಳೀತದ," ಎಂದು ಆಪಾ ನಗುತ್ತ ಕೈ ಬೀಸಿದರು.

ಆ ಹಂದರದ ಮೇಲೆ ನಮ್ಮ ಹುಡುಗಿಯರು ಎಷ್ಟೋ ವೆಬ್‌ಸೈಟು ಮಾಡಿದರು. ಖಜೂರಿಯ ಲಾರಿ ಮಾಲಕರದು, ಜೇವರ್ಗಿಯ ಒಂದು ಫೋಟೋ ಸ್ಟುಡಿಯೋದ್ದು, ಯಾರದೋ ಬಳೆ ಅಂಗಡಿಯದು... ಎಲ್ಲದರಲ್ಲೂ ಆ ಐದು ಅಕ್ಷರ. ತಪ್ಪು ನಮಗ್ಯಾರಿಗೂ ಕಾಣಲಿಲ್ಲ, ನಾವೂ ಕಿವಿಯಿಂದಲೇ ಕಲಿತವರು. ವೆಬ್‌ಸೈಟು ನೋಡುವವರಿಗಂತೂ ಒಳಗಿನ ಫೋಲ್ಡರಿನ ಹೆಸರು ಕಾಣುವುದೇ ಇಲ್ಲ.

ನಾನು ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ ಆಪಾ ಒಂದು ಕಂಪನಿಗೆ ಕೆಲಸ ಕೇಳಲು ಹೋದರು. ತೋರಿಸಲು ಒಯ್ದದ್ದು ಆ ಟೂಲನ್ನೇ. ಆಮೇಲಿನ ರವಿವಾರ ನಾನು ಹೋದಾಗ ಗೋದಾಮಿನಲ್ಲಿ ಒಬ್ಬರೇ ತಾಡಪತ್ರಿ ಮಡಚುತ್ತಿದ್ದರು. ಇನ್ನೊಂದು ತುದಿ ನಾನು ಹಿಡಿದೆ.

"ಹೆಂಗಾತ್ರಿ ಆಪಾ?"

"ಫೋಲ್ಡರಿನ ಹೆಸರು ಓದಿ ನಕ್ಕರ್ ಬೇ. ಒಬ್ಬಾಂವ ಇನ್ನೊಬ್ಬನ್ನ ಕರದು ತೋರಿಸ್ದ. ಇದು ಯಾವೂರ ಇಂಗ್ಲಿಷ್ ರಿ ಅಂತ ಕೇಳಿದ."

ಟೂಲಿನೊಳಗೆ ಆ ಹೆಸರನ್ನು ಅವರು ಅಂದೇ ತಿದ್ದಿದ್ದರು. ಆದರೆ ಅಂಥ ಟೂಲು ಚೌಕಟ್ಟು ನಿಲ್ಲಿಸಿ ಕೈಬಿಟ್ಟುಬಿಡುತ್ತದೆ. ಆಮೇಲೆ ಟೂಲನ್ನು ಎಷ್ಟು ತಿದ್ದಿದರೂ ಮೊದಲೇ ಎದ್ದು ನಿಂತದ್ದರಲ್ಲಿ ಏನೂ ಬದಲಾಗುವುದಿಲ್ಲ. ಆಪಾ ಎಲ್ಲ ಹುಡುಗಿಯರಿಗೂ ಫೋನು ಹಚ್ಚಿದ್ದರು. ಕೆಲವರ ನಂಬರು ಬದಲಾಗಿತ್ತು, ಕೆಲವರು ಮದುವೆಯಾಗಿ ಕಂಪ್ಯೂಟರು ಬಿಟ್ಟಿದ್ದರು. ಸಿಕ್ಕವಳೊಬ್ಬಳು, "ನಡ್ಯಾಕತ್ತದಲ್ರಿ ಆಪಾ, ಇರ್ಲಿ ಬಿಡ್ರಿ," ಎಂದಳಂತೆ.

"ಎಲ್ಲೆರ ಕಂಡ್ರ ತಗದ ಹಾಕ್ ಬೇ," ಎಂದರು, ತಾಡಪತ್ರಿಯ ಅಂಚಿಗೆ ಅಂಚು ಕೂಡಿಸುತ್ತ. "ತಗದೇನಿ ಅಂತ ನನಗ ಹೇಳಾಕ ಬರಬ್ಯಾಡ. ಯಾರಿಗೂ ಹೇಳಬ್ಯಾಡ."

"ಆಗ್ಲಿರಿ," ಎಂದೆ.

ಆಪಾ ಮತ್ತೆಲ್ಲೂ ಕೆಲಸ ಕೇಳಲು ಹೋಗಲಿಲ್ಲ. ಕ್ಲಾಸೂ ನಿಂತಿತು. ನಾನು ಹಬ್ಬಕ್ಕೊಮ್ಮೆ ಫೋನು ಮಾಡಿದರೆ ಊಟ, ಆರೋಗ್ಯ ಕೇಳುತ್ತಿದ್ದರೇ ಹೊರತು ಆ ವಿಷಯ ಎತ್ತುತ್ತಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಕೂಡ ಮುಗಿದಿತ್ತು. ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದ್ದರು. 'ಹಂದರ' ಯಾರ ಬಳಿಯೂ ಉಳಿದಿರಲಿಲ್ಲ. ಯಾರಿಗೂ ಹೇಳಬೇಡ ಎಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಅವರ ಹೆಸರು ಬರೆದಿಲ್ಲ. ಅರ್ಧ ಮಾತನ್ನಾದರೂ ಉಳಿಸಿಕೊಳ್ಳಬೇಕು.

ಅಂದು ಸಂಜೆಯವರೆಗೆ ಮಿಲ್ಲಿನ ಉಳಿದ ಫೈಲುಗಳನ್ನೆಲ್ಲ ಮುಗಿಸಿದೆ, ಆ ಫೋಲ್ಡರನ್ನು ಮುಟ್ಟಲಿಲ್ಲ. ಪಕ್ಕದ ಮೇಜಿನವರು ಬಗ್ಗಿ ಆ ತಪ್ಪು ಹೆಸರು ನೋಡಿ, "ಇರ್ಲಿ ಬಿಡ್ರಿ ಮೇಡಂ, ಒಳಗ ಹೊಕ್ಕು ಯಾರ್ ನೋಡ್ತಾರ?" ಎಂದರು. ನನಗೂ ಇರಲಿ ಎಂದೇ ಅನಿಸಿತು. ಅಲ್ಲಿ ಆಪಾ ಸರಿಯಾಗಿ ಬರೆದದ್ದೆಲ್ಲ ಎಲ್ಲರೂ ಬರೆಯುವಂತೆಯೇ ಇತ್ತು. ಅವರದೆಂದು ಗುರುತು ಹಿಡಿಯಲು ಉಳಿದಿದ್ದದ್ದು ಆ ತಪ್ಪೊಂದೇ. ಅದನ್ನು ಅಳಿಸಿದರೆ ಇನ್ನೊಂದು ಎಲ್ಲಿ ಸಿಕ್ಕೀತು... ಸಿಗಲಿಕ್ಕಿಲ್ಲ. ಆದರೆ ಇಟ್ಟರೆ, ಮುಂದೊಂದು ದಿನ ಇನ್ಯಾರೋ ಇದನ್ನು ತೆರೆಯುತ್ತಾರೆ. ಪಕ್ಕದವರನ್ನು ಕರೆದು ತೋರಿಸುತ್ತಾರೆ. ಏನೂ ಮಾಡದೆ ಕಂಪ್ಯೂಟರು ಮುಚ್ಚಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಕಚೇರಿಗೆ ಹೋಗಿ ಫೋಲ್ಡರಿನ ಹೆಸರು ಬದಲಿಸಿದೆ. ಎಫ್, ಎರಡು ಓ, ಟಿ, ಇ, ಆರ್. ಪುಟ ತೆರೆದು ತಳದವರೆಗೆ ಹೋಗಿ ನೋಡಿದೆ. ಮಿಲ್ಲಿನ ವಿಳಾಸ, ಫೋನ್ ನಂಬರು ಇದ್ದಲ್ಲೇ ಇದ್ದವು. ಬದಲಾವಣೆಯನ್ನು ಉಳಿಸುವಾಗ ಏನು ಮಾಡಿದೆವೆಂದು ಒಂದು ಸಾಲು ಬರೆಯಬೇಕು, ನಮ್ಮಲ್ಲಿ ಅದು ಕಡ್ಡಾಯ. ಕಪ್ಪು ಪರದೆಯ ಮೇಲೆ 'ಸಣ್ಣ ತಿದ್ದುಪಡಿ' ಎಂದಷ್ಟೇ ಬರೆದು ಎಂಟರ್ ಒತ್ತಿದೆ.